ನ್ಯಾಯದ ಅಳತೆ, ವ್ಯಾಜ್ಯದ ವೆಚ್ಚ

“ವ್ಯಾಜ್ಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ” ಎಂಬ ಗಾದೆಯನ್ನು ಕಟ್ಟಿದವರು ಕಾನೂನು ಓದಿದವರಲ್ಲ, ನ್ಯಾಯಾಲಯದ ಮೆಟ್ಟಿಲು ಸವೆಸಿದವರು. ಗೆದ್ದವನೇಕೆ ಸೋತನು? ತೀರ್ಪು ಅವನ ಪರವಾಗಿಯೇ ಬಂದಿರುತ್ತದೆ. ಆದರೆ ಅದನ್ನು ಪಡೆಯಲು ತೆತ್ತದ್ದು ಪಡೆದುದಕ್ಕಿಂತ ಹೆಚ್ಚಾಯಿತು. ಮೂಗಿಗಿಂತ ಮೂಗುತಿ ಭಾರವಾಯಿತು. ಇದು ಬರಿಯ ಲೆಕ್ಕದ ದೋಷವೋ ಅಥವಾ ನ್ಯಾಯದಲ್ಲಿಯೇ ಸೇರಿಕೊಂಡ ದೋಷವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಶಾಸನದ ಮಟ್ಟದಲ್ಲಿ ನೇರವಾಗಿ ಎದುರಿಸಿದ ದೇಶಗಳಲ್ಲಿ ಇಂಗ್ಲೆಂಡ್ ಒಂದು. ಲಾರ್ಡ್ ವುಲ್ಫ್ ಅವರು ೧೯೯೫ ಮತ್ತು ೧೯೯೬ರಲ್ಲಿ ಸಲ್ಲಿಸಿದ ವರದಿಗಳು ಅಲ್ಲಿನ ಸಿವಿಲ್ ನ್ಯಾಯಪದ್ಧತಿಯ ವೆಚ್ಚ, ವಿಳಂಬ, ಜಟಿಲತೆಗಳನ್ನು ಬಯಲಿಗೆ ತಂದವು. ಸಣ್ಣ ದಾವೆಗಳಲ್ಲಿ ಒಂದೇ ಪಕ್ಷದ ವೆಚ್ಚವು ದಾವೆಯ ಮೊತ್ತವನ್ನೇ ಮೀರುವುದು ಅಪರೂಪವಾಗಿರಲಿಲ್ಲ. ಆ ವರದಿಗಳ ಫಲವಾಗಿ ರಚಿತವಾದ ನಿಯಮಾವಳಿ ೧೯೯೯ರ ಏಪ್ರಿಲ್ ೨೬ರಂದು ಜಾರಿಗೆ ಬಂದಿತು. ಪ್ರಕರಣವನ್ನು ನಡೆಸುವ ರೀತಿಯು ನಾಲ್ಕು ಸಂಗತಿಗಳಿಗೆ ಅನುಗುಣವಾಗಿರಬೇಕೆಂದು ಅದರ ಮೊದಲನೆಯ ನಿಯಮವೇ ವಿಧಿಸುತ್ತದೆ: ವಿವಾದದಲ್ಲಿರುವ ಹಣ, ವಿಷಯದ ಮಹತ್ತ್ವ, ಅದರ ಜಟಿಲತೆ, ಉಭಯ ಪಕ್ಷಗಳ ಆರ್ಥಿಕ ಸ್ಥಿತಿ. ಇದನ್ನೇ ಪ್ರಮಾಣಬದ್ಧತೆ ಎನ್ನುತ್ತಾರೆ. (ಕನ್ನಡದಲ್ಲಿ ‘ಪ್ರಮಾಣ’ ಎಂಬ ಒಂದೇ ಪದ ಅಳತೆಗೂ ಆಧಾರಕ್ಕೂ ಆಣೆಗೂ ಸಲ್ಲುತ್ತದೆ. ಮೂರೂ ನ್ಯಾಯಾಲಯಕ್ಕೆ ಬೇಕಾದವುಗಳೇ.)

ಇದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಸತ್ಯಕ್ಕೆ ಬೆಲೆ ಕಟ್ಟಲಾದೀತೆ? ಹತ್ತು ಸಾವಿರ ಪೌಂಡುಗಳವರೆಗಿನ ದಾವೆ ಅಲ್ಲಿ ಸಾಮಾನ್ಯವಾಗಿ ಸಣ್ಣ ದಾವೆಗಳ ವಿಭಾಗಕ್ಕೆ ಸೇರುತ್ತದೆ. ಅಲ್ಲಿ ಸಾಕ್ಷ್ಯದ ಕಟ್ಟುನಿಟ್ಟಾದ ನಿಯಮಗಳು ಅನ್ವಯಿಸುವುದಿಲ್ಲ, ನ್ಯಾಯಾಧೀಶರು ಪಾಟೀಸವಾಲನ್ನು ಮಿತಗೊಳಿಸಬಹುದು, ಅನುಮತಿಯಿಲ್ಲದೆ ತಜ್ಞರ ಸಾಕ್ಷ್ಯವನ್ನು ತರುವಂತಿಲ್ಲ, ಗೆದ್ದವನಿಗೂ ವಕೀಲರ ಶುಲ್ಕ ಸಾಮಾನ್ಯವಾಗಿ ಮರಳುವುದಿಲ್ಲ. ಹಾಗಾದರೆ ಬಡವನ ಸತ್ಯಕ್ಕೆ ಅರ್ಧ ವಿಚಾರಣೆ, ಧನಿಕನ ಸತ್ಯಕ್ಕೆ ಪೂರ್ಣ ವಿಚಾರಣೆ ಎಂದಂತಾಗಲಿಲ್ಲವೆ?

ಆಕ್ಷೇಪದಲ್ಲಿ ಸತ್ತ್ವವಿದೆ. ಆದರೆ ಅದು ಒಂದು ಸಂಗತಿಯನ್ನು ಮರೆಯುತ್ತದೆ. ಪೂರ್ಣ ವಿಚಾರಣೆಯ ಹೊರೆಯನ್ನು ಹೊರಲಾರದೆ ಮೊದಲು ಕುಸಿಯುವವನು ಆ ಬಡವನೇ. ಮನೆಯ ದುರಸ್ತಿಗಾಗಿ ಮುಂಗಡ ಕೊಟ್ಟು ಮೋಸಹೋದ ವೃದ್ಧೆಗೆ, ಶೋಧನೆಯ ಪ್ರತಿಯೊಂದು ಸಾಧನವೂ ಲಭ್ಯವಿದೆ ಎಂಬ ಆಶ್ವಾಸನೆಯಿಂದ ಏನು ಪ್ರಯೋಜನ? ಅವು ಎದುರಾಳಿಯ ಕೈಯಲ್ಲಿ ಆಯುಧಗಳಾಗುತ್ತವೆ. ಅಲ್ಲದೆ ನ್ಯಾಯಾಧೀಶರ ಸಮಯವು ವಾದಿ ಪ್ರತಿವಾದಿಗಳಿಬ್ಬರ ಸ್ವತ್ತಲ್ಲ. ಹೊರಗೆ ಸರದಿಯಲ್ಲಿ ಕಾದಿರುವವನಿಗೂ ಅದರಲ್ಲಿ ಪಾಲುಂಟು. ಇತರ ಪ್ರಕರಣಗಳ ಅಗತ್ಯವನ್ನು ಗಮನಿಸಿಯೇ ಒಂದಕ್ಕೆ ಕಾಲಾವಕಾಶ ನೀಡಬೇಕೆಂದು ಆ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ.

ಆದರೆ ಅಳತೆಗೋಲು ಹಣವೊಂದೇ ಆದಾಗ ಅನ್ಯಾಯ ಆರಂಭವಾಗುತ್ತದೆ. ೨೦೧೩ರ ಏಪ್ರಿಲ್‌ನಲ್ಲಿ ಅಲ್ಲಿ ಕಠಿಣವಾದ ಬದಲಾವಣೆಯೊಂದು ಬಂದಿತು. ವೆಚ್ಚವು ಅಗತ್ಯವಾಗಿಯೇ ತಗುಲಿದ್ದರೂ, ಪ್ರಮಾಣ ಮೀರಿದ್ದರೆ ಗೆದ್ದವನಿಗೆ ಅದನ್ನು ನಿರಾಕರಿಸಬಹುದು. ಅಗತ್ಯವಾದುದನ್ನು ಮಾಡಿದವನಿಗೆ ದಂಡವೇ ಎಂದು ಕೇಳಬಹುದು. ಇದನ್ನು ಸಹ್ಯವಾಗಿಸುವುದು ಅದೇ ನಿಯಮದ ಇನ್ನೊಂದು ಭಾಗ: ಪ್ರಮಾಣವನ್ನು ನಿರ್ಣಯಿಸುವಾಗ ಎದುರಾಳಿಯ ನಡತೆಯಿಂದ ಹೆಚ್ಚಿದ ಕೆಲಸವನ್ನೂ, ಕೀರ್ತಿಯಂತಹ ಹಣಕ್ಕೆ ನಿಲುಕದ ಸಂಗತಿಗಳನ್ನೂ ಪರಿಗಣಿಸಬೇಕು. ಆ ಭಾಗವಿಲ್ಲದಿದ್ದರೆ ನಿಯಮವು ಹಟಮಾರಿಗೆ ಬಹುಮಾನವಾಗುತ್ತಿತ್ತು.

ಶಿಸ್ತೂ ಪ್ರಮಾಣ ಮೀರಬಹುದು. ಸಂಸತ್ಸದಸ್ಯ ಆಂಡ್ರೂ ಮಿಚೆಲ್ ಅವರ ಮಾನನಷ್ಟ ದಾವೆಯಲ್ಲಿ ಅವರ ವಕೀಲರು ವೆಚ್ಚದ ಅಂದಾಜುಪಟ್ಟಿಯನ್ನು ಏಳು ದಿನ ಮುಂಚೆ ಕೊಡುವ ಬದಲು ವಿಚಾರಣೆಯ ಹಿಂದಿನ ದಿನ ಕೊಟ್ಟರು. ಪಟ್ಟಿಯ ಮೊತ್ತ ೫,೦೬,೪೨೫ ಪೌಂಡು. ಗೆದ್ದರೂ ನ್ಯಾಯಾಲಯದ ಶುಲ್ಕದ ಹೊರತು ಬೇರೇನೂ ಮರಳದೆಂದು ಆದೇಶವಾಯಿತು. ೨೦೧೩ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೆಲವು ದಿನಗಳ ತಡಕ್ಕೆ ಇಷ್ಟು ದೊಡ್ಡ ಶಿಕ್ಷೆ! ಮರುವರ್ಷವೇ, ಡೆಂಟನ್ ಪ್ರಕರಣದಲ್ಲಿ, ಅದೇ ನ್ಯಾಯಾಲಯವು ಲೋಪದ ಗಾಂಭೀರ್ಯ, ಅದರ ಕಾರಣ, ಸಮಗ್ರ ಸನ್ನಿವೇಶ ಈ ಮೂರನ್ನೂ ನೋಡಬೇಕೆಂದು ವಿವರಿಸಿತು.

ಬ್ರಿಟಿಷರ ಕಾಲದಲ್ಲಿ, ೧೯೦೮ರಲ್ಲಿ, ರೂಪುಗೊಂಡ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಇಂದಿಗೂ ಭಾರತದ ದಾವೆಗಳನ್ನು ನಡೆಸುತ್ತಿದೆ. ಇಲ್ಲಿ ಪ್ರಮಾಣದೋಷವು ವಿರುದ್ಧ ದಿಕ್ಕಿನದು. ಸುಳ್ಳೆಂದು ತಿಳಿದೂ ದಾವೆ ಹೂಡಿದವನಿಂದ ಪರಿಹಾರರೂಪವಾಗಿ ವಸೂಲು ಮಾಡಬಹುದಾದ ಗರಿಷ್ಠ ವೆಚ್ಚ, ೩೫ಎ ಪ್ರಕರಣದಂತೆ, ೩,೦೦೦ ರೂಪಾಯಿ. ೧೯೭೬ರ ತಿದ್ದುಪಡಿಯ ಮಿತಿ ಇದು. ೨೦೧೫ರ ಕಾಯಿದೆ ವಾಣಿಜ್ಯ ವಿವಾದಗಳಿಗೆ ಮಾತ್ರ ಈ ಮಿತಿಯನ್ನು ತೆಗೆಯಿತು. ವರ್ಷಗಟ್ಟಲೆ ವಾಯಿದೆ ಕೇಳಿ ಎದುರಾಳಿಯನ್ನು ಸವೆಸುವವನಿಗೆ ಇಷ್ಟು ಅಗ್ಗದ ದಾರಿ ಬೇರೆಲ್ಲಿದೆ?

ಧರ್ಮದರ್ಶಿಗಳು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಸ್ವಂತ ಹಣದಿಂದ ವ್ಯಾಜ್ಯವಾಡುವವನಿಗೆ ಮೂಗುತಿಯ ಭಾರ ತಾನಾಗಿ ತಿಳಿಯುತ್ತದೆ. ಭಕ್ತರ ಕಾಣಿಕೆಯಿಂದ ವ್ಯಾಜ್ಯವಾಡುವ ಟ್ರಸ್ಟಿಗೆ ಅದು ತಿಳಿಯುವುದಿಲ್ಲ. ಒಂದು ಗೇಣು ಗೋಡೆಗಾಗಿ ಒಂದು ವರ್ಷದ ಅನ್ನದಾನದ ಹಣ ಕರಗಿದರೂ ಮಂಡಳಿಯ ಯಾವ ಸದಸ್ಯನ ಮನೆಯಲ್ಲೂ ಕೊರತೆ ಕಾಣುವುದಿಲ್ಲ. ಇದರರ್ಥ ಟ್ರಸ್ಟು ತನ್ನ ಸ್ವತ್ತನ್ನು ಬಿಟ್ಟುಕೊಡಬೇಕೆಂದಲ್ಲ, ಅತಿಕ್ರಮಣವನ್ನು ಸಹಿಸುವುದೂ ದಾನಿಗಳಿಗೆ ಬಗೆದ ದ್ರೋಹವೇ. ಯಾವ ಸ್ವತ್ತಿಗೆ ಎಷ್ಟು ಹೋರಾಟ ಎಂಬ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡುವ ಮಂಡಳಿಗಳು ವಿರಳ.

೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ದತ್ತಿ ಟ್ರಸ್ಟೊಂದು ಪಕ್ಷವಾಗಿದ್ದ ಪ್ರಕರಣ ಬಂದಿತ್ತು. ಒಂದು ಮೇಲ್ಮನವಿಯ ವೆಚ್ಚವೆಂದು ದೆಹಲಿ ಉಚ್ಚ ನ್ಯಾಯಾಲಯವು ೪೫,೨೮,೦೦೦ ರೂಪಾಯಿಗಳನ್ನು ವಿಧಿಸಿತ್ತು. ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿ, ನಿಯಮಾನುಸಾರ ಸಲ್ಲುವ ವೆಚ್ಚದ ಜೊತೆಗೆ ೩,೦೦೦ ರೂಪಾಯಿಗಳನ್ನು ಕೊಡಿಸಿತು. ವೆಚ್ಚದ ನಿಯಮಗಳು ವಾಸ್ತವಕ್ಕೆ ಹತ್ತಿರವಾಗುವಂತೆ ಪರಿಷ್ಕಾರಗೊಳ್ಳಬೇಕೆಂದೂ ಹೇಳಿತು. ಒಂದು ತುದಿಯಲ್ಲಿ ನಲವತ್ತೈದು ಲಕ್ಷ, ಇನ್ನೊಂದು ತುದಿಯಲ್ಲಿ ಮೂರು ಸಾವಿರ. ನಡುವೆ ಎಲ್ಲಿ ನಿಲ್ಲಬೇಕೆಂದು ಹೇಳುವ ವಿವೇಚನೆಯನ್ನು ಸಂಹಿತೆಯು ಸಾಮಾನ್ಯ ದಾವೆಗಳ ನ್ಯಾಯಾಧೀಶರಿಗೆ ಕೊಟ್ಟಿದ್ದರೂ, ಅದು ನಿಯಮಗಳ ಮಿತಿಗೆ ಒಳಪಟ್ಟಿದೆ.