ಗುಟ್ಟು ಯಾರದ್ದು?

ಮನೆಯೊಳಗೇ ನಡೆಯುವ ಥ್ರಿಲ್ಲರ್ ಕಾದಂಬರಿಗಳಲ್ಲಿ ತಾಯಿ ಏನನ್ನೋ ಮುಚ್ಚಿಟ್ಟಿರುತ್ತಾಳೆ, ಮಗಳು ಅದನ್ನು ಹುಡುಕಿ ತೆಗೆಯುತ್ತಾಳೆ. ಗುಟ್ಟು ಬಯಲಾದರೆ ಕತೆ ಮುಗಿಯಿತು. ಓದುವಾಗ ನಾನು ಯಾವತ್ತೂ ಮಗಳ ಕಡೆ. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ, ಅವ್ವನ ಟ್ರಂಕಿನ ತಳದಲ್ಲಿ, ಒಂದು ಹಳೆಯ ಪತ್ರ ಸಿಕ್ಕಿದ ಮೇಲೆ ಅಷ್ಟು ಸಲೀಸಾಗಿ ಪಕ್ಷ ವಹಿಸಲಾಗುತ್ತಿಲ್ಲ.

ಅದು 1998ರ ಹಕ್ಕು ಬಿಡುಗಡೆ ಪತ್ರ. ತಾತ ತೀರಿಕೊಂಡ ಮೇಲೆ ಚಾಮರಾಜನಗರದ ಜಮೀನಿನಲ್ಲಿ ತನಗೆ ಬಂದ ಪಾಲನ್ನು ಅವ್ವ ಅಣ್ಣಂದಿರಿಗೆ ಬಿಟ್ಟುಕೊಟ್ಟಿದ್ದಳು. ನಮಗೆ ಹೇಳುತ್ತಿದ್ದದ್ದು, "ಅಲ್ಲಿ ನಮ್ಮದೇನೂ ಇರ್ನಿಲ್ಲ" ಎಂದು. ಕೇಳಿದಾಗ, "ತವರಿನ ಬಾಗ್ಲು ಮುಚ್ಕೋಬಾರ್ದು ಅಂತ ಹಾಕ್ದೆ ಕಣವ್ವ" ಎಂದಳು. ಬಾಗಿಲು ತೆರೆದಿತ್ತೇ? ಎರಡು ವರ್ಷ ಗೌರಿ ಹಬ್ಬಕ್ಕೆ ಬಾಗಿನ ಬಂತಂತೆ. ಆಮೇಲೆ ಬಳೆ, ಕುಂಕುಮ, ರವಿಕೆ ಕಣವನ್ನು ಅವ್ವನೇ ಪೇಟೆಯಲ್ಲಿ ಕೊಂಡು, ತವರಿಂದ ಬಂತೆಂದು ನಮಗೆ ತೋರಿಸುತ್ತಿದ್ದಳು. ನಿಜವಾದ ಗುಟ್ಟು ಅದು.

ಮಲೆ ಮಾದೇಶ್ವರನ ಕಾವ್ಯದ ಸಂಕಮ್ಮ ನೆನಪಾಗುತ್ತಾಳೆ. ಕಾಡಿಗೆ ಹೊರಟ ನೀಲೇಗೌಡ ಅವಳಿಂದ ಶೀಲದ ಭಾಷೆ ಕೇಳುತ್ತಾನೆ. ಎಷ್ಟು ಹಿಂಸಿಸಿದರೂ ಅವಳು ಕೊಡುವುದಿಲ್ಲ. ಕಂಸಾಳೆಯವರು ಹಾಡುವಾಗ ಕೇಳುವವರ ಮನಸ್ಸೆಲ್ಲ ಅವಳ ಕಡೆಗೇ. ಅದು ಅವಳ ಮಾತು. ಕೊಡುವುದೂ ಬಿಡುವುದೂ ಅವಳಿಗೆ ಸೇರಿದ್ದು. ಅವ್ವನ ಅವಮಾನವೂ ಹಾಗೇ ಅವಳದು. ಅದನ್ನು ಕೆದಕುವ ಹಕ್ಕು ಮಗಳೆಂಬ ಕಾರಣಕ್ಕೆ ನನಗೆ ಬರುವುದಿಲ್ಲ.

ಆದರೆ ನಾನು ಟ್ರಂಕು ತೆಗೆದದ್ದು ಕುತೂಹಲಕ್ಕಲ್ಲ. ತಮ್ಮ ಅಂಥದ್ದೇ ಪತ್ರ ನನ್ನ ಮುಂದಿಟ್ಟಿದ್ದ. "ಹಾಕ್ಬುಡು, ಒಡಹುಟ್ಟಿದವನು" ಎಂದು ಅವ್ವನೇ ಹೇಳಿದ್ದಳು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಎಂದು ಕಾನೂನು 2005ರಲ್ಲೇ ತಿದ್ದುಪಡಿಯಾಗಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತಪಡಿಸಿದೆ. ಕಾನೂನು ನನಗೆ ಪಾಲಿದೆ ಎಂದಷ್ಟೇ ಹೇಳುತ್ತದೆ. ಬಿಟ್ಟುಕೊಟ್ಟರೆ ಏನಾಗುತ್ತದೆಂದು ಹೇಳಬಲ್ಲವಳು ಅವ್ವ ಒಬ್ಬಳೇ. ಅದನ್ನೇ ಮುಚ್ಚಿಟ್ಟು ಸಹಿ ಹಾಕೆಂದಳು.

ತನ್ನ ನೋವನ್ನು ಮುಚ್ಚಿಡುವುದು ತಾಯಿಯ ಹಕ್ಕು. ಆ ನೋವು ಮಗಳ ತೀರ್ಮಾನಕ್ಕೆ ಬೇಕಾದಾಗ ಅದು ಇಬ್ಬರದ್ದೂ ಆಗುತ್ತದೆ. ಕಷ್ಟವೇನೆಂದರೆ, ಒಂದನ್ನು ಕೇಳದೆ ಇನ್ನೊಂದು ಸಿಗುವುದಿಲ್ಲ. ನಾನು ಕೇಳಿದೆ. ಅವ್ವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಕೇಳಿದ್ದು ತಪ್ಪೆಂದು ಈಗಲೂ ಅನ್ನಿಸಿಲ್ಲ. ಅವಳ ಮುಖ ನೋಡಿದಾಗ ಸರಿ ಎಂದೂ ಪೂರ್ತಿ ಅನ್ನಿಸುವುದಿಲ್ಲ.

ತಮ್ಮನ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ. ಹಾಕಲಿ, ಬಿಡಲಿ, ಅದು ಎಲ್ಲಿದೆ, ಯಾಕಿದೆ ಎಂದು ನನ್ನ ಮಗಳಿಗೆ ಹೇಳಿದ್ದೇನೆ.