ಹಂದಿಯ ಮೈಯಲ್ಲಿ ಎರಡು ಬಾಣ

ಆಯುಧಪೂಜೆಯ ದಿನ ವೈಟ್‌ಫೀಲ್ಡಿನ ಕಾರ್ಖಾನೆಗಳ ಲೇತ್ ಯಂತ್ರಗಳಿಗೂ ಗಾಜಿನ ಕಟ್ಟಡಗಳೊಳಗಿನ ಕಂಪ್ಯೂಟರುಗಳಿಗೂ ಅರಿಶಿನ ಕುಂಕುಮಗಳು ಭೇದವಿಲ್ಲದೆ ಸಲ್ಲುತ್ತವೆ. ಆದರೆ ಯಾವ ಆಯುಧದ ನೆನಪಿಗಾಗಿ ಮರುದಿನ ನಾವು ಬನ್ನಿಯ ಮರಕ್ಕೆ ಕೈಮುಗಿಯುತ್ತೇವೆಯೋ ಆ ಬಿಲ್ಲು ಮಾತ್ರ ಇಲ್ಲಿಯ ಬದುಕಿನಿಂದ ಎಂದೋ ಮರೆಯಾಗಿ, ಈಚೆಗೆ ಶನಿವಾರ ಭಾನುವಾರಗಳ ಹವ್ಯಾಸವಾಗಿ ಹಿಂದಿರುಗಿದೆ. ಬಡಾವಣೆಯೊಂದರ ಅಂಚಿನ ಮೈದಾನದಲ್ಲಿ ಇಬ್ಬರು ತರುಣರು ಅಕ್ಕಪಕ್ಕದಲ್ಲಿ ನಿಂತು ಬಾಣ ಬಿಡುವುದನ್ನು ನೋಡುತ್ತಿದ್ದೆ. ಒಬ್ಬನ ಬಿಲ್ಲಿಗೆ ಗುರಿ ಹಿಡಿಯುವ ಸೈಟು, ಓಲಾಟವನ್ನು ತಡೆಯುವ ಉದ್ದನೆಯ ಸರಳುಗಳು, ಬಾಣವನ್ನು ನಿಗದಿಯಾದಷ್ಟು ಸೆಳೆದೊಡನೆ ಟಕ್ಕೆಂದು ಸದ್ದುಮಾಡಿ ಬಿಡಲು ಹೇಳುವ ಕ್ಲಿಕ್ಕರ್ ಎಂಬ ತೆಳುವಾದ ಪಟ್ಟಿ. ಇನ್ನೊಬ್ಬನ ಕೈಯಲ್ಲಿ ಬರಿಯ ಮರದ ಬಿಲ್ಲು, ಹೆದೆ, ಅಷ್ಟೇ. ವಿರಾಮದಲ್ಲಿ ಇಬ್ಬರಿಗೂ ನಡೆಯುತ್ತಿದ್ದ ವಾದವು ಕ್ರೀಡೆಯ ಮಾತಿನಲ್ಲಿದ್ದರೂ ಅದರ ಬೇರು ವೇದಾಂತದಲ್ಲಿತ್ತೆಂದು ನನಗೆ ತೋರಿತು.

ಬರಿಬಿಲ್ಲಿನವನ ಪಕ್ಷವಿದು: ದೃಷ್ಟಿಯು ಲಕ್ಷ್ಯದಲ್ಲಿ ನೆಟ್ಟರೆ ಸಾಕು, ಕೈ ತಾನಾಗಿ ಅದನ್ನು ಹಿಂಬಾಲಿಸುತ್ತದೆ, ಲೆಕ್ಕಾಚಾರವು ನಡುವೆ ಬಂದರೆ ಅದು ವಿಘ್ನವೇ ಹೊರತು ಸಹಾಯವಲ್ಲ. ಸೈಟಿನವನ ಉತ್ತರವೂ ಹಗುರವಾದುದಲ್ಲ. ಒಲಿಂಪಿಕ್ ಕ್ರೀಡೆಯಲ್ಲಿ ಗುರಿಯು 70 ಮೀಟರ್ ದೂರದಲ್ಲಿರುತ್ತದೆ; ಅದರ ಅಗಲ 122 ಸೆಂಟಿಮೀಟರ್, ಹತ್ತು ಅಂಕದ ನಡುವೃತ್ತದ ಅಗಲವಾದರೋ 12.2 ಸೆಂಟಿಮೀಟರ್ ಮಾತ್ರ. ಬಿಲ್ಲಿನ ಬಳಿ ಕೂದಲೆಳೆಯಷ್ಟು ತಪ್ಪಿದುದು ಅಲ್ಲಿಗೆ ಹೋಗುವ ವೇಳೆಗೆ ಗೇಣಾಗುತ್ತದೆ. ಮೇಲಾಗಿ, ಹೆದೆಯಿಂದ ಚಿಮ್ಮಿದ ಬಾಣವು ನೇರವಾಗಿ ಹೋಗುವುದೆಂಬುದು ನಮ್ಮ ಭ್ರಮೆ. ಅದು ಹಾವಿನಂತೆ ಬಳುಕಿ ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹೋಗುತ್ತದೆ, ಆದುದರಿಂದ ಬಾಣದ ಬಿಗುವು ಬಿಲ್ಲಿನ ಬಲಕ್ಕೆ ಹೊಂದಿರಲೇಬೇಕು. ಈ ಹೊಂದಿಕೆಯನ್ನು ಯಾವ ಸಹಜಪ್ರವೃತ್ತಿಯು ಹೇಳಿಕೊಟ್ಟಿತು? ಉದಯಪುರದ ಸೀಮೆಯ ಕಾಡಿನಲ್ಲಿ ಬಿದಿರ ಬಿಲ್ಲಿನಿಂದ ಬೇಟೆಯಾಡಿ ಬೆಳೆದ ಲಿಂಬಾ ರಾಮ್ 1988ರ ಸೋಲ್ ಒಲಿಂಪಿಕ್ಸಿಗೆ ಹೋದುದನ್ನು ಸಹಜವಾದಿಗಳು ಆಗಾಗ ಉದಾಹರಿಸುವುದುಂಟು. ಆದರೆ ಸರ್ಕಾರದ ಶಿಬಿರದಲ್ಲಿ ಹೊಸ ಬಿಲ್ಲನ್ನು ಹಿಡಿದು ಮೊದಲಿನಿಂದ ಕಲಿತನೆಂಬ ಉತ್ತರಾರ್ಧವನ್ನು ಅವರು ಹೇಳುವುದಿಲ್ಲ.

ಕಂಪನಿಗಳ ತರಬೇತಿಯ ಕೊಠಡಿಗಳಲ್ಲಿ ಏಕಾಗ್ರತೆಯ ಪಾಠಕ್ಕೆಂದು ಹಕ್ಕಿಯ ಕಣ್ಣಿನ ಕಥೆಯನ್ನು ಹೇಳಿ ಹೇಳಿ ಸವೆಸಿದ್ದಾರೆ. ಆದಿಪರ್ವದಲ್ಲಿಯೇ ಅದಕ್ಕಿಂತ ಸೂಕ್ಷ್ಮವಾದ ಮತ್ತೊಂದು ಸಂಗತಿಯಿದೆ. ಅರ್ಜುನನಿಗೆ ಎಂದಿಗೂ ಕತ್ತಲಲ್ಲಿ ಊಟ ಬಡಿಸಕೂಡದೆಂದು ದ್ರೋಣನು ಅಡುಗೆಯವನಿಗೆ ಗುಟ್ಟಾಗಿ ಆಜ್ಞಾಪಿಸಿದ್ದನು. ಒಂದು ರಾತ್ರಿ ಅರ್ಜುನನು ಉಣ್ಣುತ್ತಿರುವಾಗ ಗಾಳಿ ಬೀಸಿ ದೀಪವಾರಿತು. ಆದರೂ ಕೈ ತುತ್ತನ್ನು ತಪ್ಪದೆ ಬಾಯಿಗೆ ಒಯ್ಯುತ್ತಲೇ ಇದ್ದಿತು. ಅದನ್ನು ಕಂಡುಕೊಂಡ ಬಾಲಕನು ಎದ್ದುಹೋಗಿ ಇರುಳಿನಲ್ಲಿ ಬಾಣಾಭ್ಯಾಸಕ್ಕೆ ತೊಡಗಿದನು. ಹೆದೆಯ ಟಂಕಾರವನ್ನು ಕೇಳಿ ಬಂದ ಗುರುವು ಅವನನ್ನು ಅಪ್ಪಿಕೊಂಡನು. ಕೈ ಬಾಯನ್ನು ಅರಿಯುವುದು ಹುಟ್ಟಿನಿಂದ ಬಂದ ಜ್ಞಾನವೆಂದು ತಿಳಿಯುವವರು ಅನ್ನಪ್ರಾಶನವಾದ ಕೂಸು ಹೊಸದಾಗಿ ತಾನೇ ಉಣ್ಣಹೊರಟಾಗ ಅನ್ನವು ಮೂಗು ಕೆನ್ನೆಗಳಿಗೆಲ್ಲ ಮೆತ್ತುವುದನ್ನು ನೋಡಬೇಕು. ಸಹಜವೆಂದು ನಾವು ಹೊಗಳುವುದರಲ್ಲಿ ಬಹುಪಾಲು, ಕಲಿತುದನ್ನು ಕಲಿತೆವೆಂಬ ನೆನಪು ಅಳಿದುಹೋದ ಸ್ಥಿತಿಯೇ ಆಗಿದೆ. ಅರ್ಜುನನ ಪ್ರತಿಭೆಯು ಇದ್ದುದು ಆ ಮರೆವನ್ನು ಬೇಕೆಂದೇ ಸಾಧಿಸಬಹುದೆಂದು ಊಹಿಸಿದುದರಲ್ಲಿ.

ಇಷ್ಟರಿಂದ ಪ್ರಶ್ನೆ ಮುಗಿಯುವುದಾದರೆ ಅದು ಮನಶ್ಶಾಸ್ತ್ರದ ವಿಷಯವಾಗಿ ಉಳಿಯುತ್ತಿತ್ತು. ಅದನ್ನು ಧರ್ಮದ ಪ್ರಶ್ನೆಯಾಗಿ ಮಾಡಿದ ಕಥೆ ಕಿರಾತಾರ್ಜುನರದು, ಮತ್ತು ಅದಕ್ಕೂ ಈ ಸೀಮೆಗೂ ಹಳೆಯ ನಂಟಿದೆ. ವೈಟ್‌ಫೀಲ್ಡಿನಿಂದ ಪೂರ್ವಕ್ಕೆ ಹೊಸಕೋಟೆಯ ದಾರಿ ಹಿಡಿದರೆ ಸಿಕ್ಕುವ ಕೋಲಾರವು ಗಂಗರ ಕುವಲಾಲಪುರ. ಆ ವಂಶದ ದುರ್ವಿನೀತನು ಭಾರವಿಯ ಕಿರಾತಾರ್ಜುನೀಯದ ಹದಿನೈದನೆಯ ಸರ್ಗಕ್ಕೆ ವ್ಯಾಖ್ಯಾನ ಬರೆದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಹೇಳುತ್ತದೆ. ಆ ಸರ್ಗವು ಯುದ್ಧದ ಸರ್ಗ; ಹಿಂದುಮುಂದಾಗಿ ಓದಬಹುದಾದ ಪದ್ಯಗಳೂ, ನಕಾರವೊಂದನ್ನೇ ನೆಚ್ಚಿ ಕಟ್ಟಿದ ಪದ್ಯವೂ ಅಲ್ಲಿವೆ. ಕಾಡಿನ ಬೇಡನ ಬಿಲ್ಲನ್ನು ವರ್ಣಿಸಹೊರಟ ಕವಿಗೆ ಸಹಜವಾದ ಮಾತು ಸಾಲದೆ ಹೋದುದು ವಿನೋದವೇ ಸರಿ.

ಇಂದ್ರಕೀಲದಲ್ಲಿ ತಪಸ್ಸಿಗೆ ನಿಂತ ಅರ್ಜುನನ ಮೇಲೆ ಮೂಕನೆಂಬ ದಾನವನು ಹಂದಿಯಾಗಿ ಎರಗುತ್ತಾನೆ. ಅರ್ಜುನನ ಬಾಣವೂ ಬೇಡನ ಬಾಣವೂ ಒಂದೇ ಕ್ಷಣದಲ್ಲಿ ಅದರ ಮೈಯಲ್ಲಿ ನಾಟುತ್ತವೆ. ಒಂದು ದ್ರೋಣನ ಶಿಕ್ಷಣದಿಂದ ಬಂದುದು, ಮತ್ತೊಂದು ಯಾವ ಶಾಲೆಯನ್ನೂ ಕಾಣದ ಕಾಡಿನಿಂದ ಬಂದುದು. ಫಲದಲ್ಲಿ ಎರಡಕ್ಕೂ ಭೇದವಿಲ್ಲ. ಜಗಳ ಹುಟ್ಟಿದುದು ಹಂದಿಯು ಯಾರದೆಂಬ ಹಕ್ಕಿನ ಮಾತಿನಿಂದ. ಮುಂದಣ ಕಾಳಗದಲ್ಲಿ ಅರ್ಜುನನ ಬತ್ತಳಿಕೆ ಬರಿದಾಗುತ್ತದೆ. ಬಿಲ್ಲಿನ ತುದಿಯಿಂದ ತಿವಿಯಹೋದರೆ ಬೇಡನು ಬಿಲ್ಲನ್ನೇ ಕಸಿದುಕೊಳ್ಳುತ್ತಾನೆ. ಕೊನೆಗೆ ಮುಷ್ಟಿಯೂ ಸೋತು, ಮಣ್ಣಿನ ಲಿಂಗಕ್ಕೆ ಮುಡಿಸಿದ ಮಾಲೆ ಬೇಡನ ತಲೆಯ ಮೇಲೆ ಕಾಣುತ್ತದೆ. ವಿದ್ಯೆಯ ಸೋಲನ್ನು ಇಲ್ಲಿಗೆ ನಿಲ್ಲಿಸಿ ಸಹಜವಾದಿಗಳು ಜಯಘೋಷ ಮಾಡಬಹುದು. ಆದರೆ ಶಿವನು ಪಾಶುಪತವನ್ನು ಕೊಟ್ಟಾಗ ಅದರ ಪ್ರಯೋಗದ ರಹಸ್ಯವನ್ನೂ ಹಿಂತೆಗೆದುಕೊಳ್ಳುವ ಕ್ರಮವನ್ನೂ ಕೂಡಿಯೇ ಉಪದೇಶಿಸಿದನು. ಬೇಡನ ವೇಷದಲ್ಲಿ ಬಂದ ದೇವನೂ ತಂತ್ರವನ್ನು ಬಿಟ್ಟುಬಿಡೆಂದು ಹೇಳಲಿಲ್ಲ.

ಹಾಗಾದರೆ ಅಡ್ಡಬರುವುದು ಯಾವುದು? ಭಾಗವತದ ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಬಾಣ ಮಾಡುವವನೊಬ್ಬನನ್ನೂ ಎಣಿಸಿದ್ದಾನೆ: ಪಕ್ಕದಲ್ಲೇ ರಾಜನ ಮೆರವಣಿಗೆ ಹೋದರೂ ಅದನ್ನರಿಯದೆ ಬಾಣವನ್ನು ನೆಟ್ಟಗೆ ಮಾಡುವುದರಲ್ಲೇ ಅವನು ಮುಳುಗಿದ್ದನು. ಅವನ ಚಿತ್ತವು ಇದ್ದುದು ಕೇವಲ ಕುಶಲಕ್ರಿಯೆಯಲ್ಲಿ; ಅದೇ ಅವನಿಗೆ ಸಮಾಧಿಯಾಯಿತು. ಇದಕ್ಕೆ ವ್ಯತಿರೇಕವಾಗಿ, ನುರಿತ ಬಿಲ್ಲುಗಾರರನ್ನೇ ಹುಡುಕಿಕೊಂಡು ಬರುವ ಟಾರ್ಗೆಟ್ ಪ್ಯಾನಿಕ್ ಎಂಬ ವ್ಯಾಧಿಯೊಂದುಂಟು. ಸೆಳೆದ ಕೈ ಗುರಿಯ ನಡುವಿಗೆ ಬರಲಾರದೆ ಕೆಳಗೆಲ್ಲೋ ಹೆಪ್ಪುಗಟ್ಟಿ ನಿಲ್ಲುತ್ತದೆ, ಇಲ್ಲವೆ ನಡುವನ್ನು ಮುಟ್ಟುವ ಮುನ್ನವೇ ಬೆರಳು ಹೆದೆಯನ್ನು ಬಿಟ್ಟುಬಿಡುತ್ತದೆ. ಈ ವ್ಯಾಧಿ ಹಿಡಿದವನಲ್ಲಿ ತಂತ್ರಕ್ಕೆ ಕೊರತೆಯಿಲ್ಲ, ಸಹಜತೆಗೂ ಕೊರತೆಯಿಲ್ಲ. ತಪ್ಪಿದರೆ ನಾನೇನಾಗುವೆನೆಂಬ ಮೂರನೆಯವನು ಬಂದು ಸೇರಿಕೊಂಡಿದ್ದಾನೆ. ಇದಕ್ಕೆ ತರಬೇತುದಾರರು ಕೊಡುವ ಮದ್ದು, ಗುರಿಯ ಕಾಗದವನ್ನೇ ಕಿತ್ತುಹಾಕಿ ನಾಲ್ಕು ಹೆಜ್ಜೆ ದೂರದ ಬರಿಯ ಹುಲ್ಲಿನ ಮೆದೆಗೆ, ಕೆಲವೊಮ್ಮೆ ಕಣ್ಣುಮುಚ್ಚಿ, ಬಾಣ ಬಿಡಿಸುವುದು. ಫಲವನ್ನು ತೆಗೆದಿಟ್ಟು ಕರ್ಮವನ್ನು ಮಾತ್ರ ಉಳಿಸುವ ಈ ಚಿಕಿತ್ಸೆಗೆ ಗೀತೆಯ ಪ್ರಮಾಣ ಬೇಕಾಗಿಲ್ಲ. ಆದರೆ ಗೀತೆಯನ್ನು ಕೇಳಿದವನೂ ಬಿಲ್ಲುಗಾರನೇ ಆಗಿದ್ದನೆಂಬುದನ್ನು ಮರೆಯಲಾಗದು.

ಆ ಬಿಲ್ಲುಗಾರನ ಕಡೆಯ ಕಾಳಗವು ಮೌಸಲಪರ್ವದಲ್ಲಿದೆ. ಕೃಷ್ಣನು ಹೋದಮೇಲೆ ದ್ವಾರಕೆಯ ಸ್ತ್ರೀಯರನ್ನು ಕರೆತರುತ್ತಿದ್ದ ಅರ್ಜುನನನ್ನು ದೊಣ್ಣೆ ಹಿಡಿದ ಆಭೀರರು ಅಡ್ಡಗಟ್ಟುತ್ತಾರೆ. ಗಾಂಡೀವಕ್ಕೆ ಹೆದೆಯೇರಿಸುವುದೇ ಅವನಿಗೆ ಕಷ್ಟವಾಯಿತು. ದಿವ್ಯಾಸ್ತ್ರಗಳು ನೆನಪಿಗೆ ಬರಲಿಲ್ಲ. ಅಕ್ಷಯವೆಂದು ಹೆಸರಾಗಿದ್ದ ಬತ್ತಳಿಕೆ ಬರಿದಾಯಿತು. ಹಿಂದೊಮ್ಮೆ ಕಿರಾತನೆದುರು ಮಾಡಿದಂತೆ ಬಿಲ್ಲಿನ ತುದಿಯಿಂದಲೇ ಹೊಡೆದನು, ಈ ಬಾರಿ ಎದುರಿಗಿದ್ದವರು ಬರಿಯ ದರೋಡೆಗಾರರು. ಮನಸ್ಸಿನಲ್ಲಿದ್ದ ಮಂತ್ರವೂ ಹೋಯಿತು, ಕತ್ತಲಲ್ಲಿ ಪಳಗಿಸಿದ ಕೈಯೂ ಹೋಯಿತು. ಎರಡೂ ಅವನ ಸ್ವಂತದ ಆಸ್ತಿಯಾಗಿರಲಿಲ್ಲವೆಂದೇ ಇದಕ್ಕೆ ಅರ್ಥ. ಗಾಂಡೀವವೂ ವರುಣನಿಂದ ತಂದ ಎರವಲು, ಮಹಾಪ್ರಸ್ಥಾನದ ದಾರಿಯಲ್ಲಿ ಅಗ್ನಿಯು ಅದನ್ನು ಹಿಂದಕ್ಕೆ ಕೇಳಿದನು.

ಈ ಕಾರಣದಿಂದ ಮೈದಾನದ ಆ ವಾದದಲ್ಲಿ ನಾನು ಸೈಟಿನವನ ಕಡೆಗೆ ಸ್ವಲ್ಪ ವಾಲುತ್ತೇನೆ. ಬರಿಬಿಲ್ಲಿನ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲವೂ ನನ್ನೊಳಗಿನಿಂದಲೇ ಬಂದಿತೆನ್ನುವವನು ವಿನಯದ ವೇಷದಲ್ಲಿ ದೊಡ್ಡ ಹಕ್ಕನ್ನೇ ಸಾಧಿಸುತ್ತಿದ್ದಾನೆ. ಇದನ್ನು ಇಂಥವರಿಂದ ಕಲಿತೆನೆನ್ನುವವನು, ತನಗೆ ತಿಳಿಯದೆಯೇ ಆದರೂ, ಕೊಟ್ಟವರೊಬ್ಬರಿದ್ದಾರೆಂದು ಒಪ್ಪಿಕೊಂಡಿದ್ದಾನೆ.