ದಿನದ ಚಿಂತನೆ: ಪ್ರಯೋಗ ಸೋತಿದ್ದರೆ?



ಭಾನುವಾರದ ಓದಿನಲ್ಲಿ ಒಬ್ಬ ಹುಡುಗ ಕೇಳಿದ: "ಸರ್, ಜಪಾನಿನಲ್ಲಿ ಚರ್ಮದ ಜೀವಕೋಶವನ್ನೇ ಹೃದಯದ ಜೀವಕೋಶ ಮಾಡ್ತಾರಂತೆ. ಹುಟ್ಟಿದ ಜಾಗದಲ್ಲೇ ಬಿದ್ದಿರಬೇಕು ಅನ್ನೋದು ಸುಳ್ಳು ಅಂತ ವಿಜ್ಞಾನವೇ ಹೇಳಿದ ಹಾಗಾಯ್ತಲ್ವಾ?" ಎಲ್ಲರೂ ಚಪ್ಪಾಳೆ ತಟ್ಟಿದೆವು. ಮನೆಗೆ ಬಂದ ಮೇಲೆ ಆ ಚಪ್ಪಾಳೆ ನನ್ನನ್ನು ಚುಚ್ಚತೊಡಗಿತು.

ಹುಡುಗ ಹೇಳಿದ್ದು ಶಿನ್ಯಾ ಯಮನಕ ಅವರ ಕೆಲಸದ ಬಗ್ಗೆ. ಅವರ ತಂದೆ ಹೊಲಿಗೆ ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದರು. ಮಗ ಮೂಳೆ ಡಾಕ್ಟರಾದರೂ ಆಪರೇಷನ್ನಿನಲ್ಲಿ ಕೈ ನಿಧಾನ. ಅವರನ್ನು 'ಜಾಮನಕ' ಎಂದು ಹಂಗಿಸುತ್ತಿದ್ದರು; ಜಪಾನಿಯಲ್ಲಿ 'ಜಾಮ' ಅಂದರೆ ಅಡ್ಡಿ. ತಂದೆ ಲಿವರ್ ಕಾಯಿಲೆಯಿಂದ ತೀರಿಕೊಂಡಾಗ ಡಾಕ್ಟರ್ ಮಗ ಏನೂ ಮಾಡಲಾಗಲಿಲ್ಲ. ಆಮೇಲೆ ಸಂಶೋಧನೆಗೆ ಬಂದರು.

ಭ್ರೂಣದಲ್ಲಿರುವ ಸ್ಟೆಮ್ ಸೆಲ್ ಏನು ಬೇಕಾದರೂ ಆಗಬಲ್ಲದು. ಒಮ್ಮೆ ಚರ್ಮವಾದ ಜೀವಕೋಶಕ್ಕೆ ಹಿಂದಿರುಗುವ ದಾರಿಯಿಲ್ಲ ಎಂದೇ ಬಹಳ ಜನ ನಂಬಿದ್ದರು. ಯಮನಕ ಮತ್ತು ಅವರ ಶಿಷ್ಯ ತಕಹಾಶಿ 24 ಜೀನ್‌ಗಳನ್ನು ಆರಿಸಿ, ಒಂದೊಂದನ್ನೇ ತೆಗೆದು ನೋಡುತ್ತಾ ಹೋದರು. ಕೊನೆಗೆ ನಾಲ್ಕೇ ಸಾಕಾದವು. 2006ರಲ್ಲಿ ಇಲಿಯ ಜೀವಕೋಶ, 2007ರಲ್ಲಿ ಮನುಷ್ಯನ ಜೀವಕೋಶ ಹಿಂದಿನ ಸ್ಥಿತಿಗೆ ಮರಳಿತು. ಇವಕ್ಕೆ ಐಪಿಎಸ್ ಕೋಶ ಎಂದು ಹೆಸರು (ನಮ್ಮ ಎಸ್ಪಿ ಸಾಹೇಬರ ಐಪಿಎಸ್ ಅಲ್ಲ!). 2012ರಲ್ಲಿ ನೊಬೆಲ್ ಬಂತು. ಜೊತೆಗೆ ಹಂಚಿಕೊಂಡವರು ಇಂಗ್ಲೆಂಡಿನ ಜಾನ್ ಗರ್ಡನ್, 1962ರಲ್ಲೇ ಕಪ್ಪೆಗಳಲ್ಲಿ ಇದಕ್ಕೆ ದಾರಿ ತೋರಿದವರು. ಇವನು ವಿಜ್ಞಾನಿಯಾಗುವುದು ಹಾಸ್ಯಾಸ್ಪದ ಎಂದು ಶಾಲೆಯ ಮೇಷ್ಟ್ರು ಅವರ ಬಗ್ಗೆ ಬರೆದಿದ್ದರು. ಗರ್ಡನ್ ಅದಕ್ಕೆ ಕಟ್ಟು ಹಾಕಿಸಿ ಇಟ್ಟುಕೊಂಡಿದ್ದರು. ಆದರೆ ಅದು ಈಟನ್, ಉಳ್ಳವರ ಶಾಲೆ. ಅಲ್ಲಿ ಒಂದು ಬಾಗಿಲು ಮುಚ್ಚಿದರೆ ಪಕ್ಕದ್ದು ತೆರೆದಿರುತ್ತದೆ. "ನಿನಗ್ಯಾಕೋ ಸೈನ್ಸು" ಎಂದು ಕೇಳಿಸಿಕೊಂಡ ನಮ್ಮ ಕಾಲದ ಹುಡುಗರಿಗೆ ಪಕ್ಕದ ಬಾಗಿಲು ಇರಲಿಲ್ಲ.

ನನ್ನನ್ನು ಚುಚ್ಚಿದ್ದು ಇದು. ಅಕಸ್ಮಾತ್ ಆ ಪ್ರಯೋಗ ಸೋತಿದ್ದರೆ? ಚರ್ಮ ಚರ್ಮವಾಗಿಯೇ ಉಳಿದಿದ್ದರೆ ನಾವು ಕೀಳಾಗುತ್ತಿದ್ದೆವೇ? ತಲೆ ತಲೆಯೇ, ಪಾದ ಪಾದವೇ ಎಂದು ದೇಹವನ್ನು ತೋರಿಸಿಯೇ ನಮ್ಮನ್ನು ಕೆಳಗೆ ಕೂರಿಸಿದರು. ಅವರು ಹೇಳಿದಾಗ ಸುಳ್ಳಾದ ಹೋಲಿಕೆ ನಾವು ಹೇಳಿದಾಗ ನಿಜವಾಗುವುದಿಲ್ಲ. ಬಾಬಾಸಾಹೇಬರು ಸಮಾನತೆ ಕೇಳಿದ್ದು ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲಲ್ಲ. ಪುರಾಣದಲ್ಲೇ ಪ್ಲಾಸ್ಟಿಕ್ ಸರ್ಜರಿ ಇತ್ತು ಎನ್ನುವವರನ್ನು ಕಂಡು ನಗುವ ನಾವು, ಬುದ್ಧರ ಅನಿತ್ಯವೇ ಸ್ಟೆಮ್ ಸೆಲ್ ಎಂದರೆ ಅವರ ಪಕ್ಕದಲ್ಲೇ ಹೋಗಿ ಕೂತ ಹಾಗೆ.

ಆ ಕೆಲಸದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಬೇರೆ. ಆ ನಾಲ್ಕು ಜೀನ್‌ಗಳಲ್ಲಿ ಒಂದಕ್ಕೆ ಕ್ಯಾನ್ಸರಿನ ನಂಟಿದೆ. ಅದನ್ನು ಅವರು ಮುಚ್ಚಿಡಲಿಲ್ಲ. 2014ರಲ್ಲಿ ಕೋಬೆಯಲ್ಲಿ ವೃದ್ಧೆಯೊಬ್ಬರ ಕಣ್ಣಿಗೆ, ಅವರದೇ ಚರ್ಮದಿಂದ ಮಾಡಿದ ರೆಟಿನಾ ಕೋಶ ಕಸಿ ಮಾಡಿದರು. ಎರಡನೇ ರೋಗಿಗೆ ಸಿದ್ಧವಾದ ಕೋಶಗಳ ಜೀನ್‌ಗಳಲ್ಲಿ ಬದಲಾವಣೆ ಕಂಡಿತು. ಕಸಿ ಮಾಡದೆ ನಿಲ್ಲಿಸಿದರು. ದೃಷ್ಟಿ ಹೋಗುತ್ತಿರುವವರಿಗೆ "ಈಗ ಬೇಡ" ಎನ್ನುವುದು ಕರುಣೆಯೋ, ಅಲ್ಲವೋ?

ನಮ್ಮ ಮನೆಯಲ್ಲೇ ಈ ಪ್ರಶ್ನೆ ಬಂದಿತ್ತು. ಅಕ್ಕನ ಮಗ ಬೈಕಿನಿಂದ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ ಎರಡು ವರ್ಷವಾಗಿತ್ತು. ಒಂದು ಕ್ಲಿನಿಕ್ಕಿನವರು ಸ್ಟೆಮ್ ಸೆಲ್ ಇಂಜೆಕ್ಷನ್ನಿಗೆ ಎಂಟು ಲಕ್ಷ ಕೇಳಿದರು. ಎಷ್ಟು ಜನಕ್ಕೆ ಗುಣವಾಗಿದೆ ಎಂದರೆ ಕಾಗದ ತೋರಿಸಲಿಲ್ಲ, ವಿಡಿಯೋ ತೋರಿಸಿದರು. ಭಾವ ಸೈಟು ಮಾರಲು ಹೊರಟರು. ರಕ್ತಸಂಬಂಧಿ ಕಾಯಿಲೆಗಳಿಗೆ ಬಿಟ್ಟರೆ ಉಳಿದದ್ದೆಲ್ಲ ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ ಎಂದು ಐಸಿಎಂಆರ್ 2017ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ಓದಿ ಹೇಳಿದೆ. ಭಾವ ಸಿಟ್ಟಾದರು: "ನಿನ್ನ ಮಗ ಆಗಿದ್ರೆ?"

ಆಗ ಟೋಕಿಯೋದ ಕೆಯೊ ವಿಶ್ವವಿದ್ಯಾಲಯದ ಸುದ್ದಿ ತೋರಿಸಿದೆ. ಐಪಿಎಸ್ ಕೋಶ, ಬೆನ್ನುಹುರಿ, ನಾಲ್ಕು ಜನ. ಇಬ್ಬರಲ್ಲಿ ಸುಧಾರಣೆ, ಒಬ್ಬರು ಎದ್ದು ನಿಂತರು. ಉಳಿದಿಬ್ಬರದ್ದನ್ನೂ ಓದಿದೆ. ಪೆಟ್ಟಾದ ತಿಂಗಳೊಳಗೆ ಕಸಿ ಮಾಡಿದ್ದು ಎಂಬುದನ್ನೂ ಓದಿದೆ.

"ತಿಂಗಳೊಳಗೆ" ಎಂದು ಭಾವ ಒಮ್ಮೆ ಅಂದರು. ಸೈಟಿನ ಪತ್ರ ಪೆಟ್ಟಿಗೆಗೆ ವಾಪಸ್ ಹೋಯಿತು. ಆಮೇಲೆ ಬಹಳ ದಿನ ಅವರು ನನ್ನ ಜೊತೆ ಮಾತಾಡಲಿಲ್ಲ.